ಸೊಂಟ ನೋವಿಗೆ ಬೆಲ್ಟಿಗಿಂತ ಮೊದಲು ಉಸಿರು

ಸೊಂಟ ನೋವಿಲ್ಲದ ಗೃಹಿಣಿಯರು ನಿಮ್ಮ ಓಣಿಯಲ್ಲಿ ಎಷ್ಟು ಜನ ಇದ್ದಾರೆ? ಒಂದು ಕೈಯ ಬೆರಳು ಸಾಕಾಗುತ್ತವೆ, ಅಲ್ಲವೇ? ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಪರಿಚಯವಾಗಿ ಐದು ನಿಮಿಷ ಆಗುವುದರೊಳಗೆ ಮಾತು ಮಕ್ಕಳ ಓದು, ಎಣ್ಣೆ ರೇಟು ಎಲ್ಲಾ ದಾಟಿ ಸೊಂಟಕ್ಕೆ ಬಂದು ನಿಲ್ಲುತ್ತದೆ. “ಬಗ್ಗಿದ್ರೆ ಏಳಾಕ ಆಗಲ್ಲಕ್ಕಾ, ಕುಂತ್ರೆ ನಿಂದ್ರಾಕ ಆಗಲ್ಲ” ಅಂತ ಒಬ್ಬರು. “ನಂದೂ ಅದೇ ಕಥಿ ನೋಡವ್ವಾ, ಈ ಬೆಲ್ಟ್ ಕಟ್ಟಿಕೊಂಡೇ ಕೆಲಸ ಮಾಡ್ತೀನಿ” ಅಂತ ಇನ್ನೊಬ್ಬರು. ಬಸ್ ಬರುವ ಹೊತ್ತಿಗೆ ಒಂದು ಎಣ್ಣೆ, ಒಂದು ಲೇಹ, ಒಬ್ಬ ನಾಟಿ ವೈದ್ಯರ ವಿಳಾಸ ಕೈ ಬದಲಾಗಿರುತ್ತದೆ.

ನಮ್ಮ ಕಡೆ ಈ ನೋವಿಗೆ ಮೂರು ದಾರಿ ಗೊತ್ತು. ಒಂದು ಮೆಡಿಕಲ್ ಶಾಪಿನ ಬೆಲ್ಟು. ಎರಡು, ಅದೇ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ನೋವಿನ ಗುಳಿಗೆ. ಮೂರನೆಯದನ್ನು ಸ್ವಲ್ಪ ಗಂಭೀರವಾಗಿಯೇ ಹೇಳಬೇಕು: “ಮಕ್ಕಳಾದವಲ್ಲ, ಇನ್ನು ಗರ್ಭಕೋಶ ಇಟ್ಕೊಂಡು ಏನ್ಮಾಡ್ತೀರಿ, ತೆಗೆಸಿಬಿಡಿ.”

ಈ ಮೂರಕ್ಕಿಂತ ಮೊದಲು ಇನ್ನೊಂದು ದಾರಿ ಇದೆ. ಅದಕ್ಕೆ ದುಡ್ಡು ಬೇಡ, ಯಂತ್ರ ಬೇಡ, ಮನೆಯಲ್ಲಿರುವ ಒಂದು ಚಾಪೆ ಸಾಕು. ಅದು ಉಸಿರಾಟದ ಜೊತೆಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಕೊಡುವ ವ್ಯಾಯಾಮ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನಾಚಿಕೆಯಿಂದಾಗಿ ಯಾರೂ ಬಾಯಿ ಬಿಟ್ಟು ಮಾತಾಡದ ಜಾಗ ಅದು. ಅದಕ್ಕೇ ಈ ಪುಟದಲ್ಲಾದರೂ ಮಾತಾಡೋಣ.

ಸೊಂಟ ನೋವು ಎಂದು ಹೋದಾಗ ನಿಮ್ಮನ್ನು ಯಾರಾದರೂ ಈ ಪ್ರಶ್ನೆ ಕೇಳಿದ್ದಾರಾ? ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ಹನಿ ಮೂತ್ರ ಹೋಗುತ್ತಾ? ಕೊಡ ಎತ್ತುವಾಗ ಉಸಿರು ಬಿಗಿ ಹಿಡಿಯುತ್ತೀರಾ? ಮಲಬದ್ಧತೆಯಿಂದ ದಿನಾ ತಿಣುಕಬೇಕಾ? ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳಿದರೂ ನಾವು ಹೇಳುವುದಿಲ್ಲ, ಪಕ್ಕದಲ್ಲಿ ಯಜಮಾನರು ನಿಂತಿರುತ್ತಾರೆ! ಆದರೆ ಸೊಂಟಕ್ಕೂ ಈ ಪ್ರಶ್ನೆಗಳಿಗೂ ಹತ್ತಿರದ ನಂಟಿದೆ. ಆಸ್ಟ್ರೇಲಿಯಾದಲ್ಲಿ 38 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ನೋಡಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬೆನ್ನು ನೋವಿಗೆ ದಪ್ಪ ಮೈಗಿಂತ, ಓಡಾಟ ಕಡಿಮೆ ಇರುವುದಕ್ಕಿಂತ, ಮೂತ್ರ ತಡೆಯಲಾಗದ ತೊಂದರೆ ಮತ್ತು ಉಸಿರಾಟದ ತೊಂದರೆಗಳ ಜೊತೆಗೇ ಹೆಚ್ಚು ನಂಟು ಕಂಡಿತು. ನಂಟು ಇದೆ ಎಂದ ಮಾತ್ರಕ್ಕೆ ಅದೇ ಕಾರಣ ಎಂದಲ್ಲ. ಆದರೂ “ನೀವು ದಪ್ಪ ಇದ್ದೀರಿ, ಅದಕ್ಕೇ ನೋವು” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುವವರು ಇದನ್ನು ಒಮ್ಮೆ ಓದಬೇಕು ಅಂತ ನನಗನಿಸುತ್ತದೆ.

ನಂಟು ಹೇಗೆ ಅಂತೀರಾ? ನಿಮ್ಮ ಮುಂಡವನ್ನು ಒಂದು ಡಬ್ಬಿ ಎಂದುಕೊಳ್ಳಿ. ಮುಚ್ಚಳ ಎಂದರೆ ಎದೆಗೂಡಿನ ಕೆಳಗಿರುವ ವಪೆ, ಉಸಿರಾಟದ ಮುಖ್ಯ ಸ್ನಾಯು. ಸುತ್ತಲಿನ ಗೋಡೆ ಎಂದರೆ ಹೊಟ್ಟೆಯ ಒಳಪದರದ ಸ್ನಾಯು. ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳು. ಕೆಳಗೆ ತಳ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹೊರಸಿನ ಹಗ್ಗದಂತೆ ಹೆಣೆದುಕೊಂಡ ಸ್ನಾಯುಗಳವು. ಮೂತ್ರಕೋಶ, ಗರ್ಭಕೋಶ, ಗುದನಾಳ ಎಲ್ಲಾ ಅದರ ಆಸರೆಯಲ್ಲಿವೆ. ಉಸಿರು ಒಳಗೆ ತೆಗೆದುಕೊಂಡಾಗ ಮುಚ್ಚಳ ಕೆಳಗಿಳಿಯುತ್ತದೆ, ತಳವೂ ಒಂದಿಷ್ಟು ತಗ್ಗುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇಳುತ್ತವೆ. ಭಾರ ಎತ್ತುವ ಗಳಿಗೆಯಲ್ಲಿ ಈ ನಾಲ್ಕೂ ಕಡೆಯವು ಒಟ್ಟಿಗೆ ಬಿಗಿಯಾದರೆ ಬೆನ್ನುಮೂಳೆಗೆ ಒಳಗಿನಿಂದಲೇ ಆಸರೆ ಸಿಗುತ್ತದೆ. ನಮ್ಮೊಳಗೇ ಇರುವ ಬೆಲ್ಟ್ ಎಂದರೆ ಇದೇ.

ಹೆರಿಗೆಯಾದಾಗ ತಳದ ಹಗ್ಗ ಜಗ್ಗಿ ಸಡಿಲಾಗುತ್ತದೆ. ಎರಡು ಮೂರು ಹೆರಿಗೆ, ವರ್ಷಗಟ್ಟಲೆ ಮಲಬದ್ಧತೆ, ನಿಲ್ಲದ ಕೆಮ್ಮು, ಮುಟ್ಟು ನಿಂತ ಮೇಲಿನ ಬದಲಾವಣೆ ಎಲ್ಲಾ ಸೇರಿದರೆ ಹೊರಸು ಜೋತು ಬೀಳುತ್ತದೆ. ಆಗ ಆಸರೆಯ ಕೆಲಸ ಸೊಂಟದ ದೊಡ್ಡ ಸ್ನಾಯುಗಳ ಮೇಲೆ ಬೀಳುತ್ತದೆ. ಅವು ಇಡೀ ದಿನ ಬಿಗಿದುಕೊಂಡೇ ಇದ್ದು ಸಂಜೆಗೆ ಕಲ್ಲಾಗಿರುತ್ತವೆ.

ನಮ್ಮ ಊರುಗಳ ಕೆಲಸವನ್ನೂ ನೋಡಿ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿದವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೇ ತಾಲ್ಲೂಕು. ಹಡಗಲಿಯ ಮಲ್ಲಿಗೆ ಮುಡಿಯುವವರಿಗೆ ಪರಿಮಳ ಗೊತ್ತು, ಬೆಳಕು ಹರಿಯುವ ಮುಂಚೆ ಬಗ್ಗಿ ಮೊಗ್ಗು ಬಿಡಿಸುವವರಿಗೆ ಸೊಂಟ ಗೊತ್ತು. ನಾವು ಪೇಟೆಯವರು ಹೊಲಕ್ಕೆ ಹೋಗುವುದಿಲ್ಲ ನಿಜ. ಆದರೆ ನಲ್ಲಿ ನೀರು ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ತುಂಬಿ ಮಹಡಿ ಹತ್ತಿಸುವುದು ಯಾರು? ಕಟ್ಟೆಯ ಮುಂದೆ ಮುಕ್ಕಾಲು ಗಂಟೆ ಮುಂದಕ್ಕೆ ಬಾಗಿ ಜೋಳದ ರೊಟ್ಟಿ ಬಡಿಯುವುದು ಯಾರು? ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವುದು ಯಾರು? “ಮನೇಲೇ ಇರ್ತೀಯ, ನಿನಗೆಂಥ ಸೊಂಟ ನೋವು” ಎನ್ನುವ ಗಂಡಸರು ಒಂದು ದಿನ ಹತ್ತು ರೊಟ್ಟಿ ಬಡಿದು ನೋಡಲಿ!

ಈಗ ವ್ಯಾಯಾಮಕ್ಕೆ ಬರೋಣ. ಮೊದಲ ವಾರ ಬರೀ ಉಸಿರು. ಚಾಪೆ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ. ಒಂದು ಕೈ ಹೊಟ್ಟೆ ಮೇಲೆ, ಇನ್ನೊಂದು ಪಕ್ಕೆಲುಬಿನ ಮೇಲೆ ಇರಲಿ. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಳ್ಳಿ. ಭುಜ ಮೇಲೇಳಬಾರದು, ಪಕ್ಕೆ ಎರಡೂ ಬದಿಗೆ ಅಗಲವಾಗಬೇಕು, ಹೊಟ್ಟೆ ಮೆಲ್ಲಗೆ ಉಬ್ಬಬೇಕು. ಹಾಗೇ ಕೆಳಗೆ, ಕುಳಿತುಕೊಳ್ಳುವ ಜಾಗವೂ ಸಡಿಲವಾಗುವುದನ್ನು ಗಮನಿಸಿ. ಆಮೇಲೆ ತುಟಿ ಸ್ವಲ್ಪ ಕೂಡಿಸಿ ಬಾಯಿಂದ ಉಸಿರು ಬಿಡಿ. ಒಲೆಗೆ ಊದುಗೊಳವೆಯಲ್ಲಿ ಊದುತ್ತಿದ್ದೆವಲ್ಲ, ಹಾಗೆ. ಆದರೆ ಬೂದಿ ಹಾರದಷ್ಟು ಮೆತ್ತಗೆ. ಇಂಥ ಹತ್ತು ಉಸಿರು, ದಿನಕ್ಕೆ ಮೂರು ಸಲ. ತಲೆ ತಿರುಗಿದರೆ ಅವಸರ ಮಾಡುತ್ತಿದ್ದೀರಿ ಎಂದೇ ಅರ್ಥ, ನಿಲ್ಲಿಸಿ ಮಾಮೂಲಾಗಿ ಉಸಿರಾಡಿ.

ಇಷ್ಟು ರೂಢಿಯಾದ ಮೇಲೆ ತಳದ ಸ್ನಾಯು. ಉಸಿರು ಬಿಡಲು ಶುರು ಮಾಡಿದಾಗ, ನಾಲ್ಕು ಜನರ ಮುಂದೆ ಗ್ಯಾಸ್ ತಡೆದುಕೊಳ್ಳುತ್ತೇವಲ್ಲ, ಹಾಗೆ ಹಿಂದಿನಿಂದ ಮುಂದಕ್ಕೆ ಬಿಗಿ ಹಿಡಿದು ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಕುಂಡೆ ಬಿಗಿಯಬಾರದು. ಹೊಟ್ಟೆಯನ್ನು ಕೆಳಕ್ಕೆ ಒತ್ತಬಾರದು. ಶುರುವಿಗೆ ಮೂರು ಎಣಿಸುವಷ್ಟು ಹೊತ್ತು ಸಾಕು. ಆಮೇಲೆ ಉಸಿರು ತೆಗೆದುಕೊಳ್ಳುತ್ತಾ ಪೂರ್ತಿ ಸಡಿಲ ಬಿಡಿ. ಈ ಸಡಿಲ ಬಿಡುವುದನ್ನೇ ಎಲ್ಲರೂ ಮರೆಯುವುದು. ವಾರ ಕಳೆದಂತೆ ಐದು, ಎಂಟು, ಹತ್ತು ಎಣಿಕೆಯವರೆಗೆ ಹೋಗಿ. ಬಾಯಿಬಿಟ್ಟು ಜೋರಾಗಿ ಎಣಿಸಿದರೆ ಉಸಿರು ಹಿಡಿಯುವ ಚಟ ತಾನಾಗಿ ತಪ್ಪುತ್ತದೆ. ಒಂದು ಸಲಕ್ಕೆ ಎಂಟರಿಂದ ಹತ್ತು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಎರಡು ವಾರ ಮಾಡಿ “ಏನೂ ಗುಣ ಕಾಣಲಿಲ್ಲ” ಎಂದು ಚಾಪೆ ಸುತ್ತಿಡಬೇಡಿ. ಇನ್ನೊಂದು, ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಬರುತ್ತದೆ.

ಇದನ್ನು ಕೆಗೆಲ್ ವ್ಯಾಯಾಮ ಅಂತ ಕೆಲವರು ಕೇಳಿರಬಹುದು. ಆರ್ನಾಲ್ಡ್ ಕೆಗೆಲ್ ಎನ್ನುವ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಇದರ ಬಗ್ಗೆ ಬರೆದರು, ಹೆರಿಗೆ ನಂತರ ಮೂತ್ರ ಸೋರುವವರಿಗಾಗಿ. ನಮ್ಮ ಹಠಯೋಗದ ಮೂಲಬಂಧವೂ ಇದೇ ಜಾಗದ ಮಾತು. ಆದರೆ ಅಲ್ಲಿ ಉದ್ದೇಶ ಬೇರೆ, ಉಸಿರು ಹಿಡಿಯುವ ಕ್ರಮವೂ ಬೇರೆ. ಸೊಂಟಕ್ಕೆ ನಮಗೆ ಬೇಕಾದದ್ದು ಉಸಿರು ಹಿಡಿಯದ ಸರಳ ವಿಧಾನ. ಟಿವಿ ಮುಂದೆ ಕೂತು ರಭಸದಿಂದ ಕಪಾಲಭಾತಿ ಮಾಡುವವರಿಗೂ ಒಂದು ಮಾತು. ಕೆಳಗೆ ಭಾರ ಜಗ್ಗಿದಂತಾಗುವವರು, ಮೂತ್ರ ಸೋರುವವರು ಅದರಿಂದ ಶುರು ಮಾಡಬೇಡಿ.

ಎಲ್ಲರಿಗೂ ಬಿಗಿ ಹಿಡಿಯುವ ವ್ಯಾಯಾಮವೇ ಸರಿ ಅಂತಲೂ ಇಲ್ಲ. ಕೆಲವರ ತಳ ಸಡಿಲಾಗಿರುವುದಿಲ್ಲ, ಬದಲಿಗೆ ಸದಾ ಬಿಗಿದುಕೊಂಡೇ ಇರುತ್ತದೆ. ಗಂಡನ ಜೊತೆ ಸೇರುವಾಗ ನೋವು, ಮೂತ್ರ ಶುರುವಾಗಲು ಕಷ್ಟ, ಮಲ ಹೊರಬರಲು ಜಾಗವೇ ಬಿಡದಂತಾಗುವುದು ಇದರ ಗುರುತು. ಅತಿ ಬಿಗಿದ ಹೊರಸಿನ ಮೇಲೂ ನಿದ್ದೆ ಬರಲ್ಲ ನೋಡಿ! ಇವರು ಮೊದಲ ವಾರದ ಉಸಿರನ್ನೇ ಮುಂದುವರಿಸಬೇಕು, ಸಡಿಲ ಬಿಡುವುದನ್ನು ಕಲಿಯಬೇಕು, ಫಿಸಿಯೊಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಬೇಕು. ದಿನಕ್ಕೆ ಇನ್ನೂರು ಸಲ ಬಿಗಿ ಹಿಡಿಯಿರಿ ಎನ್ನುವ ಮೊಬೈಲ್ ವಿಡಿಯೊಗಳಿಂದ ಇಂಥವರ ನೋವು ಹೆಚ್ಚಾಗಬಹುದು.

ಚಾಪೆ ಮೇಲೆ ಕಲಿತದ್ದು ಅಡುಗೆಮನೆಗೆ ಬರದಿದ್ದರೆ ಅರ್ಧ ಲಾಭವೂ ಇಲ್ಲ. ಕೊಡ ಎತ್ತುವ ಮೊದಲು ಉಸಿರು ತಗೊಳ್ಳಿ, ಎತ್ತುವಾಗ ತಳ ಬಿಗಿ ಹಿಡಿದು ಉಸಿರು ಬಿಡುತ್ತಾ ಏಳಿ. ತುಂಬಿದ ಕೊಡದ ಬದಲು ಮುಕ್ಕಾಲು ಕೊಡ ಎರಡು ಸಲ ತನ್ನಿ. ಸೀನು, ಕೆಮ್ಮು ಬರುವ ಮುನ್ಸೂಚನೆ ಸಿಕ್ಕ ತಕ್ಷಣ ತಳ ಬಿಗಿ ಹಿಡಿಯಿರಿ, ಹನಿ ಹೋಗುವುದು ಕಡಿಮೆಯಾಗುತ್ತದೆ. ರೊಟ್ಟಿ ಬಡಿಯುವಾಗ ಒಂದು ಪಾದವನ್ನು ಸಣ್ಣ ಮಣೆ ಮೇಲೆ ಇಟ್ಟು, ಆಗಾಗ ಕಾಲು ಬದಲಿಸಿ. ನೆಲ ಒರೆಸುವಾಗ, ಮಗುವನ್ನು ಎತ್ತಿಕೊಳ್ಳುವಾಗ, ಸಿಲಿಂಡರ್ ಸರಿಸುವಾಗ ನೆನಪಿಡಬೇಕಾದ್ದು ಒಂದೇ, ಕಷ್ಟದ ಗಳಿಗೆಯಲ್ಲಿ ಉಸಿರು ಹೊರಗೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ತಳದ ವ್ಯಾಯಾಮ ಬೇರೆಲ್ಲ ವ್ಯಾಯಾಮಕ್ಕಿಂತ ಸೊಂಟ ನೋವಿಗೆ ಮೇಲು ಎಂದು ಸಾಬೀತಾಗಿಲ್ಲ. ಇದರ ಬಗ್ಗೆ ನಡೆದ ಅಧ್ಯಯನಗಳು ಹೆಚ್ಚಿನವು ಸಣ್ಣವು, ಉತ್ತರವೂ ಒಂದೇ ತೆರನಾಗಿಲ್ಲ. ಮೂತ್ರ ಸೋರುವುದಕ್ಕೆ ಇದು ಮೊದಲ ಚಿಕಿತ್ಸೆ ಎನ್ನುವುದು ಗಟ್ಟಿಯಾದ ಮಾತು. ಸೊಂಟದ ಮಟ್ಟಿಗೆ ವ್ಯಾಯಾಮ ಬೇಕು ಎನ್ನುವುದು ಗಟ್ಟಿ, ಇದೂ ಒಂದು ಒಳ್ಳೆಯ ವ್ಯಾಯಾಮ. ಹಾಗಾದರೆ ನಾನು ಯಾಕೆ ಇದರ ಪರ? ತೀರಾ ನೋವಿರುವವರೂ ಮಲಗಿದಲ್ಲೇ ಶುರು ಮಾಡಬಹುದು, ಸೀರೆ ಬಿಟ್ಟು ಬೇರೆ ಉಡುಪು ತೊಡಬೇಕಿಲ್ಲ, ಅತ್ತೆ ಮಾವನ ಮುಂದೆ ಕುಳಿತೇ ಮಾಡಿದರೂ ಅವರಿಗೆ ಗೊತ್ತಾಗುವುದಿಲ್ಲ!

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟ ನೋವಿತ್ತು, ಅವರಲ್ಲಿ ಹೆಂಗಸರೇ ಹೆಚ್ಚು. ಆ ಮಾರ್ಗಸೂಚಿ ವ್ಯಾಯಾಮ ಮಾಡಿಸಿ, ರೋಗಿಗೆ ತಿಳಿಹೇಳಿ ಎನ್ನುತ್ತದೆ. ಮಾಮೂಲಾಗಿ ಕೊಡಬೇಡಿ ಎಂದು ಹೇಳುವ ಪಟ್ಟಿಯಲ್ಲಿ ಏನಿದೆ ಗೊತ್ತೇ? ಸೊಂಟದ ಬೆಲ್ಟು, ಭಾರ ತೂಗಿ ಎಳೆಯುವ ಟ್ರ್ಯಾಕ್ಷನ್, ಮತ್ತು ಬರುವ ತರದ ಒಪಿಯಾಯ್ಡ್ ನೋವು ನಿವಾರಕಗಳು. ನಮ್ಮ ಮನೆಮನೆಯ ಬೀರುವಿನಲ್ಲಿ ಆ ಬೆಲ್ಟು ಭದ್ರವಾಗಿದೆ!

ಸ್ಕ್ಯಾನಿಂಗ್ ರಿಪೋರ್ಟಿನ ಭಯವೂ ಕಡಿಮೆಯಾಗಬೇಕು. “ಡಿಸ್ಕ್ ಸವೆದೈತಿ, ಗ್ಯಾಪ್ ಬಂದೈತಿ ಅಂದ್ರು” ಎಂದು ಅವತ್ತಿನಿಂದ ಬಗ್ಗುವುದನ್ನೇ ಬಿಟ್ಟವರಿದ್ದಾರೆ. ಯಾವ ನೋವೂ ಇಲ್ಲದ ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ, 20 ವರ್ಷದವರಲ್ಲೇ ಶೇ 37ರಷ್ಟು ಜನಕ್ಕೆ ಡಿಸ್ಕ್ ಸವೆತ ಕಂಡಿತ್ತು. 80 ವರ್ಷದವರಲ್ಲಿ ಶೇ 96. ತಲೆಗೂದಲು ಹಣ್ಣಾದ ಹಾಗೆ ಅದು. ಸಿಸೇರಿಯನ್ ಆದವರ ದೂರು ಇನ್ನೊಂದು: “ಬೆನ್ನಿಗೆ ಇಂಜೆಕ್ಷನ್ ಕೊಟ್ರು, ಅವಾಗಿಂದ ಶುರುವಾತು.” ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ. ವರ್ಷಗಟ್ಟಲೆ ನೋವಿಗೆ ಆ ಇಂಜೆಕ್ಷನ್ನೇ ಕಾರಣ ಎನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆ, ಮತ್ತೆ ಕೆಲಸ ಕಲಿಯದ ಸ್ನಾಯುಗಳು, ಬಾಗಿ ಕುಳಿತು ಹಾಲೂಡಿಸುವುದು, ಮಗುವನ್ನು ಒಂದೇ ಸೊಂಟದ ಮೇಲೆ ಹೊರುವುದು, ಇವುಗಳ ಕಡೆ ನೋಡಬೇಕು. ಬಾಣಂತಿಗೆ ಹೊಟ್ಟೆ ಕಟ್ಟುವುದರಿಂದ ಹಿತ ಅನಿಸಿದರೆ ಕಟ್ಟಲಿ, ಆದರೆ ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿಯಾಗಿ ಬೇಡ. ನೀರು ಕುಡಿಸದೆ ಒಣ ಊಟ ಹಾಕುವ ಪದ್ಧತಿಯನ್ನಂತೂ ಅತ್ತೆಯಂದಿರು ಕೈಬಿಡಬೇಕು. ಅದರಿಂದ ಮಲ ಗಟ್ಟಿಯಾಗಿ, ತಿಣುಕಿ ತಿಣುಕಿ, ಮೊದಲೇ ಜಗ್ಗಿದ ತಳ ಇನ್ನಷ್ಟು ಜಗ್ಗುತ್ತದೆ.

ಇನ್ನು ಗರ್ಭಕೋಶದ ವಿಷಯ. 2015ರಲ್ಲಿ ಕಲಬುರಗಿ ಜಿಲ್ಲೆಯ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು ಅದು. ಅವರಲ್ಲಿ 40 ದಾಟದವರು ಬಹಳ ಮಂದಿ ಇದ್ದರು. ಮಹಿಳೆಯರು ಬೀದಿಗಿಳಿದು ಹೋರಾಡಿದರು. ಮುಂದೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು ಹೇಳಿತು. ನಮ್ಮ ಐದು ತಾಲ್ಲೂಕುಗಳಲ್ಲೂ ತಾಂಡಾಗಳಿವೆ, ನಮ್ಮ ಮನೆಗೆ ಕೆಲಸಕ್ಕೆ ಬರುವವರಲ್ಲಿ ಅಲ್ಲಿಯ ಹೆಣ್ಣುಮಕ್ಕಳೂ ಇದ್ದಾರೆ. ಬರೀ ಸೊಂಟ ನೋವಿಗೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಗಡ್ಡೆ, ನಿಲ್ಲದ ರಕ್ತಸ್ರಾವ, ಕ್ಯಾನ್ಸರ್, ಗರ್ಭಕೋಶ ಜಾರುವುದು ಇಂಥದ್ದಿದ್ದರೆ ಮಾತು ಬೇರೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ಹಾಗೆ ಮೂಳೆ ಸವೆಯಲು ಶುರುವಾಗುತ್ತದೆ. ಸೊಂಟ ನೋವಿಗೆಂದು ಹೋದವರು ಇನ್ನೊಂದು ಸೊಂಟ ನೋವು ತಂದುಕೊಂಡಂತೆ! ಆಪರೇಷನ್ ಎಂದರೆ, “ಯಾವ ಕಾಯಿಲೆಗೆ, ಬೇರೆ ದಾರಿ ಏನಿದೆ, ಬರೆದುಕೊಡಿ” ಎಂದು ಕೇಳಿ, ಇನ್ನೊಬ್ಬ ವೈದ್ಯರಿಗೆ ತೋರಿಸಿ.

ಉಸಿರಾಟದ ವ್ಯಾಯಾಮಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ಮೂತ್ರ ಮಲದ ಹಿಡಿತ ಇದ್ದಕ್ಕಿದ್ದಂತೆ ತಪ್ಪಿದರೆ, ಕಾಲಿನ ಶಕ್ತಿ ಕುಂದಿದರೆ ಅವತ್ತೇ ಹೊರಡಿ, ನಾಳೆ ಅನ್ನಬೇಡಿ. ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ಪರೀಕ್ಷೆ ಮಾಡಿಸಿ. ಹಿಂದೆ ಕ್ಯಾನ್ಸರ್ ಆದವರು, ಬಿದ್ದ ಮೇಲೆ ನೋವು ಬಂದ ವಯಸ್ಸಾದವರು ಕೂಡ. ಕೂಡ್ಲಿಗಿ ಸೀಮೆಯವರು ಇನ್ನೊಂದನ್ನು ಮರೆಯಬಾರದು. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಾನುಗಟ್ಟಲೆ ಆ ನೀರು ಕುಡಿದು ಬೆನ್ನು, ಕತ್ತು ಬಿಗಿದು ತಿರುಗದಂತಾದರೆ ಅದು ತಳದ ಸ್ನಾಯುವಿನ ಸಮಸ್ಯೆಯಲ್ಲ. ಮೊದಲು ಕುಡಿಯುವ ನೀರನ್ನು ಬದಲಿಸಬೇಕು.

ಆರು ವಾರದ ನಂತರ ಉಸಿರಿನ ಜೊತೆ ನಡಿಗೆ ಸೇರಿಸಿ. 2024ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 701 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಸೊಂಟ ನೋವು ವಾಸಿಯಾದವರಲ್ಲಿ ಕ್ರಮವಾಗಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರಳಲು ನಡುವೆ ಸರಾಸರಿ 208 ದಿನ ಬಿಡುವು ಸಿಕ್ಕಿತು, ಉಳಿದವರಿಗೆ 112 ದಿನ. ನಡೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಪಾದಯಾತ್ರೆಯಲ್ಲಿ ಬರುವವರಲ್ಲಿ ಅಜ್ಜಿಯರೂ ಇರುತ್ತಾರೆ. ಆದರೆ ಹನ್ನೊಂದು ತಿಂಗಳು ಕುಳಿತು, ಒಂದೇ ದಿನ ಅಷ್ಟು ದೂರ ನಡೆದರೆ ಸೊಂಟ ಸುಮ್ಮನಿರುತ್ತದೆಯೇ? ಸಂಜೆ ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಸಾಕು. ಜಾತ್ರೆಯಲ್ಲಿ ಶೌಚಾಲಯ ಸಿಗಲ್ಲ ಅಂತ ಬೆಳಿಗ್ಗೆಯಿಂದ ನೀರು ಬಿಡುವ ಅಭ್ಯಾಸ ಮಾತ್ರ ಬೇಡ.

ಒಂದು ಬೇಡಿಕೆಯೂ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆಯಾದ ಪ್ರತಿಯೊಬ್ಬ ತಾಯಿಗೂ ಮನೆಗೆ ಕಳಿಸುವ ಮುನ್ನ ಈ ಹತ್ತು ನಿಮಿಷದ ವ್ಯಾಯಾಮ ಹೇಳಿಕೊಡಬೇಕು. ಮಗುವಿನ ಲಸಿಕೆಗೆ ಬಂದಾಗ ದಾದಿಯರು “ಮಾಡ್ತಿದ್ದೀಯೇನವ್ವಾ?” ಎಂದು ಕೇಳಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಟೆಂಡರೂ ಬೇಕಿಲ್ಲ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲವೇನೋ! ಮುಂದಿನ ಸಲ ನೀವು ಓಪಿಡಿ ಚೀಟಿ ಮಾಡಿಸುವಾಗ ಕಿಟಕಿಯಲ್ಲೇ ಕೇಳಿ, “ಇಲ್ಲಿ ಫಿಸಿಯೊಥೆರಪಿಸ್ಟ್ ಯಾವ ದಿನ ಇರ್ತಾರೆ?” ಇಲ್ಲ ಎಂದರೆ, ಯಾಕಿಲ್ಲ ಎಂದು ನಿಮ್ಮ ಮಹಿಳಾ ಸಂಘದ ಹೆಸರಿನಲ್ಲಿ ಒಂದು ಅರ್ಜಿ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ.